ಅಕ್ಷರ ಜೋಡಣೆಯ ತಂತ್ರಾಂಶವನ್ನು ಯಾವಾಗ ಹೊಸದು ಮಾಡಬೇಕು?

ನಮ್ಮ ಶಾಲೆಯಲ್ಲಿ ಕಲಿತು ಹೋದ ಹೆಣ್ಣುಮಕ್ಕಳಲ್ಲಿ ಕೆಲವರು ಈಗ ಬೆಳಗಾವಿಯಲ್ಲಿಯೂ ಖಾನಾಪುರದಲ್ಲಿಯೂ ಡಿ.ಟಿ.ಪಿ. ಕೆಲಸದಿಂದ ಸಂಸಾರಕ್ಕೆ ನೆರವಾಗುತ್ತಿರುವರು. ಅವರಿಗಾಗಿಯೂ, ಮಗಳಿಗೆ ಈ ಉದ್ಯೋಗವನ್ನು ಕಲಿಸಬೇಕೆಂದಿರುವ ಪಾಲಕರಿಗಾಗಿಯೂ ಈ ಪಾಠವನ್ನು ಬರೆಯುತ್ತೇವೆ.

ಸೀಸದ ಮೊಳೆಗಳ ಕಾಲದಲ್ಲಿ ಅಕ್ಷರವು ಸವೆಯುತ್ತಿತ್ತೇ ಹೊರತು ರಾತ್ರಿ ಬೆಳಗಾಗುವದರೊಳಗೆ ಬೇರೊಂದಾಗುತ್ತಿರಲಿಲ್ಲ. ಗಣಕಯಂತ್ರದಲ್ಲಿ ಹಾಗಲ್ಲ. ಯೂನಿಕೋಡಿನಲ್ಲಿ ಕನ್ನಡಕ್ಕೆ ೧೯೯೧ರಲ್ಲಿಯೇ ಸ್ಥಾನ ದೊರೆತಿದ್ದರೂ ಪೇಜ್‌ಮೇಕರ್ ಅದನ್ನು ಅರಿಯದ ಕಾರಣ, ಅಚ್ಚುಕೂಟಗಳಲ್ಲಿ ಹಳೆಯ ನುಡಿ, ಶ್ರೀಲಿಪಿಯಂಥ ಫಾಂಟುಗಳೇ ನೆಲೆನಿಂತವು. ಇವುಗಳಲ್ಲಿ ಇಂಗ್ಲಿಷ್ ಅಕ್ಷರದ ಮನೆಯೊಳಗೆ ಕನ್ನಡದ ತುಂಡುಗಳನ್ನು ಕೂರಿಸಿರುವರು. ಫಾಂಟು ಕಾಣೆಯಾದರೆ ಮನೆಯ ಮೂಲ ಒಡೆಯನೇ ಹೊರಗೆ ಬರುವನು! ಖಾನಾಪುರದ ಕಡೆಗೆ ಒಂದೇ ಲಗ್ನಪತ್ರಿಕೆಯಲ್ಲಿ ಕನ್ನಡವೂ ಮರಾಠಿಯೂ ಇರುವದುಂಟು. ಆಗ ಎರಡೂ ಒಂದೇ ಬಗೆಯ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಬಿಡುವವು.

ಪೇಜ್‌ಮೇಕರಿನ ಏಳನೆಯ ಆವೃತ್ತಿಯು ೨೦೦೧ರಲ್ಲಿ ಬಂದಿತು. ಎಂಟನೆಯದು ಬರಲೇ ಇಲ್ಲ. ಅದರ ಸ್ಥಾನವನ್ನು ಇನ್‌ಡಿಸೈನ್ ಪಡೆಯಿತು. ಅದರ ಒಡೆಯರಾದ ಅಡೋಬಿಯವರು ೨೦೨೩ರ ಜನವರಿಯಲ್ಲಿ ‘ಟೈಪ್ ೧’ ಎಂಬ ಹಳೆಯ ಬಗೆಯ ಫಾಂಟುಗಳಿಗೆ ಆಶ್ರಯವನ್ನು ನಿಲ್ಲಿಸಿದರು. ಅಂಥ ಫಾಂಟಿನಲ್ಲಿ ಜೋಡಿಸಿದ ಕಡತವನ್ನು ಹೊಸ ಆವೃತ್ತಿಯಲ್ಲಿ ತೆರೆದರೆ ಫಾಂಟು ಇಲ್ಲವೆಂಬ ಸೂಚನೆ ಬರುವದು.

ಹಾಗೆಂದು ಪರಿಷ್ಕರಣವನ್ನು ಎಂದಿಗೂ ಬೇಡವೆನ್ನುವದು ಜಾಣತನವಲ್ಲ, ಹಳೆಯ ದೋಷಗಳು ಅದರಿಂದಲೇ ನೀಗುವವು. ಆದರೆ ಕೈಯಲ್ಲಿರುವ ಕೆಲಸ ಅಚ್ಚಿಗೆ ಹೋಗುವ ವರೆಗೆ, ತಾನಾಗಿ ನಡೆಯುವ ಪರಿಷ್ಕರಣವನ್ನು ತಡೆದಿಡಬೇಕು. ಹೊಸದನ್ನು ಹಾಕಿದಾಗ ಹಳೆಯದನ್ನೂ ಪಕ್ಕದಲ್ಲಿ ಉಳಿಸಿಕೊಳ್ಳಬೇಕು. ಹೊಸ ಇನ್‌ಡಿಸೈನಿನಲ್ಲಿ ಉಳಿಸಿದ ಕಡತವನ್ನು ಹಳೆಯದು ನೇರವಾಗಿ ತೆರೆಯಲಾರದು, ಐ.ಡಿ.ಎಂ.ಎಲ್. ರೂಪದ ಪ್ರತಿಯೊಂದಿದ್ದರೆ ಹಿಂದಿರುಗಲು ದಾರಿಯುಂಟು. ಫಾಂಟು ಅಡಕವಾದ ಪಿ.ಡಿ.ಎಫ್. ಪ್ರತಿಯನ್ನಂತೂ ಬೇರೆ ಕಡೆಯಲ್ಲಿ ಇಟ್ಟಿರಲೇಬೇಕು.

ಹೊಸ ಆವೃತ್ತಿಯನ್ನು ಪರೀಕ್ಷಿಸಲು ಒಂದು ಪುಟದ ನಕಲು ಸಾಕು. ಅದರಲ್ಲಿ ‘ಜ್ಯೋತ್ಸ್ನಾ’, ‘ಸ್ವಾತಂತ್ರ್ಯ’, ‘ಕಾರ್ಯದರ್ಶಿ’ ಎಂಬ ಶಬ್ದಗಳನ್ನು ನೋಡಿರಿ. ಯೂನಿಕೋಡ್ ಬರಹದಲ್ಲಿ ಒತ್ತಕ್ಷರಗಳು ಬಿಡಿಬಿಡಿಯಾಗಿ ನಿಂತಿದ್ದರೆ ‘ವರ್ಲ್ಡ್-ರೆಡಿ’ ಎಂಬ ಜೋಡಣೆಯನ್ನು ಆರಿಸಿದೆಯೋ ಇಲ್ಲವೋ ಎಂಬುದನ್ನು ಮೊದಲು ವಿಚಾರಿಸಬೇಕು. ಹಳೆಯ ನುಡಿಯಿಂದ ಯೂನಿಕೋಡಿಗೆ ಮಾರ್ಪಡಿಸಿದ ಬರಹವನ್ನಾದರೋ ಮೊದಲಿನಿಂದ ಕೊನೆಯ ವರೆಗೆ ಓದದೆ ಬೇರೆ ಉಪಾಯವಿಲ್ಲ.

ಈ ಸಂಚಿಕೆಯ ಕೊನೆಯ ಪುಟಗಳಲ್ಲಿ ಅಗಲಿದ ಶಿಕ್ಷಕಿಯರ ಹಾಗೂ ವಿದ್ಯಾರ್ಥಿನಿಯರ ಹೆಸರುಗಳಿವೆ. ತಾಯಿಯ ಹೆಸರನ್ನು ಹುಡುಕುವ ಮಗಳು ಆ ಒಂದು ಸಾಲನ್ನೇ ನೋಡುವಳು. ಆದುದರಿಂದ ಪಿ.ಡಿ.ಎಫ್. ಸಿದ್ಧವಾದ ಮೇಲೆ ಆ ಪುಟಗಳನ್ನು ಕಾಗದದ ಮೇಲೆ ತೆಗೆದು, ಹಳೆಯ ದಾಖಲೆ ಪುಸ್ತಕದೊಡನೆ ನಮ್ಮ ಇಬ್ಬರು ಶಿಕ್ಷಕಿಯರು, ಒಬ್ಬರು ಓದುತ್ತ ಒಬ್ಬರು ನೋಡುತ್ತ, ಅಕ್ಷರ ಅಕ್ಷರವಾಗಿ ತಾಳೆ ಹಾಕಿರುವರು.