ಹಳೆಯ ಕಿಟಕಿಯ ಬದಲಾವಣೆ: ಮಿತ ವೆಚ್ಚದಲ್ಲಿ ಆಯ್ಕೆ ಹೇಗೆ?

(ಗ್ರಾಮ ಪಂಚಾಯತ್ ಸದಸ್ಯರಿಗಾಗಿ ಅಧ್ಯಯನ ಪಾಠ)

ವಸತಿ ಯೋಜನೆಗಳ ನೆರವಿನಿಂದ ಹದಿನೈದು ಇಪ್ಪತ್ತು ವರ್ಷಗಳ ಹಿಂದೆ ಕಟ್ಟಿದ ಮನೆಗಳಲ್ಲಿ ಗೋಡೆ ಮತ್ತು ಮಾಡು ಗಟ್ಟಿಯಾಗಿರುವಾಗಲೇ ಕಿಟಕಿಗಳು ಕೆಟ್ಟುಹೋಗುವುದು ಸಾಮಾನ್ಯ. ಉತ್ತರ ಕನ್ನಡ ಜಿಲ್ಲೆಯ ಕರಾವಳಿಯಲ್ಲಿ ಕಬ್ಬಿಣದ ಚೌಕಟ್ಟು ಉಪ್ಪುಗಾಳಿಗೆ ತುಕ್ಕು ಹಿಡಿದು ಕೆಳತುದಿಯಲ್ಲಿ ಕಳಚುತ್ತದೆ. ಘಟ್ಟದ ಮೇಲಿನ ತಾಲೂಕುಗಳಲ್ಲಿ ಮರದ ಕದಗಳು ಮಳೆಗಾಲದಲ್ಲಿ ಉಬ್ಬಿ ಮುಚ್ಚಲಾರದಂತಾಗುತ್ತವೆ, ಚೌಕಟ್ಟಿಗೆ ಗೆದ್ದಲು ಹತ್ತುತ್ತದೆ. ಆಗ ಮನೆಯವರು ಸದಸ್ಯರ ಬಳಿ ಬಂದು ಎರಡು ಪ್ರಶ್ನೆ ಕೇಳುತ್ತಾರೆ: ದುರಸ್ತಿಗೆ ಪಂಚಾಯತ್‌ನಿಂದ ಏನಾದರೂ ದೊರೆಯುವುದೇ, ಮತ್ತು ಯಾವ ಕಿಟಕಿ ಹಾಕಿಸಿದರೆ ಒಳ್ಳೆಯದು. ಮೊದಲನೆಯದಕ್ಕೆ ಆಯಾ ಕಾಲದ ಯೋಜನಾ ಮಾರ್ಗಸೂಚಿಯೇ ಉತ್ತರ. ಎರಡನೆಯ ಪ್ರಶ್ನೆಗೆ ಸದಸ್ಯರು ತಾವೇ ತಿಳಿದು ಉತ್ತರಿಸಬಹುದಾಗಿದ್ದು, ಈ ಪಾಠವು ಅದಕ್ಕೆ ಸಂಬಂಧಿಸಿದೆ.

ಪ್ರಧಾನ ಮಂತ್ರಿ ಆವಾಸ್ ಯೋಜನೆ (ಗ್ರಾಮೀಣ) ನಿಗದಿಪಡಿಸಿರುವ ಮನೆಯ ಕನಿಷ್ಠ ವಿಸ್ತೀರ್ಣ ಅಡುಗೆಯ ಸ್ಥಳವೂ ಸೇರಿ 25 ಚದರ ಮೀಟರ್. ಇಷ್ಟು ಚಿಕ್ಕ ಮನೆಯಲ್ಲಿ ಐದಾರು ಜನ ವಾಸಿಸುವಾಗ ಇರುವ ಎರಡು ಮೂರು ಕಿಟಕಿಗಳೇ ಗಾಳಿ, ಬೆಳಕು, ಹೊಗೆ ಹೋಗುವ ದಾರಿ ಎಲ್ಲವೂ ಆಗಿರುತ್ತವೆ. ದೊಡ್ಡ ಮನೆಯಲ್ಲಿ ಒಂದು ಕಿಟಕಿಯ ಆಯ್ಕೆ ತಪ್ಪಿದರೆ ಬೇರೊಂದು ಕಿಟಕಿ ಆ ಕೊರತೆಯನ್ನು ತುಂಬಬಹುದು. ಇಲ್ಲಿ ಅಂಥ ಅವಕಾಶವಿಲ್ಲ. ಆದ್ದರಿಂದ ಕಿಟಕಿಗೆ ಕೊಡುವ ಹಣವನ್ನು ಅದರ ಅಂದದಿಂದ ಅಳೆಯದೆ, ತೆರೆದಾಗ ಎಷ್ಟು ತೆರಪು ದೊರೆಯುತ್ತದೆ ಎಂಬುದರಿಂದ ಅಳೆಯುವುದು ಸೂಕ್ತ.

ತೆರಪಿನ ಲೆಕ್ಕ

ಭಾರತೀಯ ರಾಷ್ಟ್ರೀಯ ಕಟ್ಟಡ ಸಂಹಿತೆಯು ವಾಸದ ಕೋಣೆಯ ಕಿಟಕಿ ಹಾಗೂ ಗವಾಕ್ಷಿಗಳ ಒಟ್ಟು ವಿಸ್ತೀರ್ಣವನ್ನು ನೆಲದ ವಿಸ್ತೀರ್ಣದೊಡನೆ ಹೊಂದಿಸಿ ಹೇಳುತ್ತದೆ. ಒಣ ಬಿಸಿ ಹವೆಯ ಪ್ರದೇಶದಲ್ಲಿ ಅದು ಹತ್ತನೆಯ ಒಂದು ಭಾಗ, ಮಧ್ಯಮ ಹವೆಯಲ್ಲಿ ಎಂಟನೆಯ ಒಂದು ಭಾಗ, ತೇವಭರಿತ ಬಿಸಿ ಹವೆಯಲ್ಲಿ ಆರನೆಯ ಒಂದು ಭಾಗಕ್ಕಿಂತ ಕಡಿಮೆಯಿರಬಾರದು. ಬಾಗಿಲುಗಳು ಈ ಲೆಕ್ಕಕ್ಕೆ ಸೇರುವುದಿಲ್ಲ. ಕಿಟಕಿಯ ಒಂದು ಭಾಗ ತೆರೆಯಲಾಗದಂತಿದ್ದರೆ ತೆರೆಯುವ ಭಾಗವನ್ನಷ್ಟೇ ಪರಿಗಣಿಸಬೇಕು. ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಗೆ ಆರನೆಯ ಒಂದು ಭಾಗವೇ ಅನ್ವಯ. ಉಳಿದ ತಾಲೂಕುಗಳಲ್ಲಿಯೂ ಅದನ್ನೇ ಗುರಿಯಾಗಿ ಇಟ್ಟುಕೊಂಡು, ಎಂಟನೆಯ ಒಂದಕ್ಕಿಂತ ಕೆಳಗಿಳಿಯದಂತೆ ನೋಡಿಕೊಳ್ಳಬಹುದು.

ಉದಾಹರಣೆಗೆ 10 ಅಡಿ ಅಗಲ, 12 ಅಡಿ ಉದ್ದದ ಕೋಣೆಯ ನೆಲ 120 ಚದರ ಅಡಿ. ಕರಾವಳಿಯಲ್ಲಿ ಇದಕ್ಕೆ 20 ಚದರ ಅಡಿ ತೆರಪು ಬೇಕು. ಆ ಕೋಣೆಯಲ್ಲಿ 4 ಅಡಿ ಅಗಲ, 4 ಅಡಿ ಎತ್ತರದ ಒಂದು ಕಿಟಕಿಯೂ, ಎದುರು ಗೋಡೆಯ ಮೇಲ್ಭಾಗದಲ್ಲಿ 4 ಚದರ ಅಡಿಯ ಗವಾಕ್ಷಿಯೂ ಇದ್ದರೆ ಲೆಕ್ಕ ಸರಿಹೊಂದುತ್ತದೆ. ಈಗ ಆ ಕಿಟಕಿಯ ಎರಡು ಕದಗಳನ್ನು ತೆಗೆದು ಎರಡು ಗಾಜಿನ ಜಾರುಕಿಟಕಿಯನ್ನು, ಅಂದರೆ ಸ್ಲೈಡಿಂಗ್ ಕಿಟಕಿಯನ್ನು ಕೂರಿಸಿದರೆಂದು ಭಾವಿಸೋಣ. ಒಂದು ಗಾಜು ಇನ್ನೊಂದರ ಹಿಂದೆ ಸರಿಯುವುದರಿಂದ ಎಷ್ಟೇ ತೆರೆದರೂ ಅರ್ಧ ಭಾಗ ಮುಚ್ಚಿಯೇ ಇರುತ್ತದೆ. 16 ಚದರ ಅಡಿಯ ಕಿಟಕಿ 8 ಚದರ ಅಡಿಗೆ ಇಳಿಯಿತು. ಕೋಣೆಗೆ ದೊರೆತದ್ದು ಒಟ್ಟು 12 ಚದರ ಅಡಿ. ಹೆಚ್ಚು ಹಣ ಕೊಟ್ಟು ಗಾಳಿಯನ್ನು ಅರ್ಧ ಮಾಡಿಕೊಂಡಂತಾಯಿತು. ಸೊಳ್ಳೆಬಲೆಗಾಗಿ ಮೂರನೆಯ ಹಳಿ ಇರುವ ಮಾದರಿಯಲ್ಲಿಯೂ ಗಾಜುಗಳು ಎರಡೇ ಆದುದರಿಂದ ತೆರಪು ಅರ್ಧವೇ. ಹಳಿಯ ಸಂಖ್ಯೆ ನೋಡಿ ಮೋಸಹೋಗಬಾರದು.

ಇದರಿಂದ ಜಾರುಕಿಟಕಿ ಎಲ್ಲಿಯೂ ಸಲ್ಲದು ಎಂದು ತಿಳಿಯಬೇಕಾಗಿಲ್ಲ. ಕದ ಹೊರಕ್ಕೆ ತೆರೆದರೆ ಓಣಿಯಲ್ಲಿ ಹೋಗುವವರ ತಲೆಗೆ ತಾಗುವ ಸ್ಥಳದಲ್ಲಿ, ಅಥವಾ ಗಾಳಿಗೆ ಕದ ಬಡಿದು ಒಡೆಯುವ ಕಡೆ ಅದು ಉಪಯುಕ್ತ. ಆದರೆ ಒಂದೇ ಕಿಟಕಿಯ ಕೋಣೆಗೆ ಬಿಜಾಗರಿಯ ಮೇಲೆ ತಿರುಗುವ ಕದವೇ ಲೇಸು.

ಚೌಕಟ್ಟು ಬದಲಿಸಬೇಕೆ?

ಚೌಕಟ್ಟನ್ನು ಕಿತ್ತಾಗ ಗೋಡೆಯ ಅಂಚು ಒಡೆಯುತ್ತದೆ, ಸಿಮೆಂಟ್ ಗಾರೆ ಮಾಡಬೇಕಾಗುತ್ತದೆ, ಬಣ್ಣ ಬಳಿಯಬೇಕಾಗುತ್ತದೆ. ಚಿರೇಕಲ್ಲಿನ ಗೋಡೆಯಲ್ಲಿ ಕೆಲವೊಮ್ಮೆ ಅಂಚಿನ ಕಲ್ಲೇ ಸಡಿಲವಾಗುತ್ತದೆ. ಅನೇಕ ಮನೆಗಳಲ್ಲಿ ಕೆಟ್ಟಿರುವುದು ಕದ ಮಾತ್ರ. ಚೌಕಟ್ಟು ಇನ್ನೂ ಬಾಳುವಂತಿರುತ್ತದೆ. ಆದಕಾರಣ ಅಂಗಡಿಗೆ ಹೋಗುವ ಮೊದಲು ಚೌಕಟ್ಟಿನ ಪರೀಕ್ಷೆ ನಡೆಯತಕ್ಕದ್ದು.

ಮರದ ಚೌಕಟ್ಟಾದರೆ ಕೆಳಗಿನ ಅಡ್ಡಪಟ್ಟಿಯನ್ನೂ, ಎರಡು ನಿಲುವುಗಳ ಕೆಳಗಿನ ಅರ್ಧ ಅಡಿಯನ್ನೂ ಸ್ಕ್ರೂ ಡ್ರೈವರಿನ ಮೊನೆಯಿಂದ ಒತ್ತಿ ನೋಡಬೇಕು. ನೀರು ನಿಲ್ಲುವುದು ಅಲ್ಲಿಯೇ ಆದುದರಿಂದ ಕೊಳೆತ ಆರಂಭವಾಗುವುದೂ ಅಲ್ಲಿಯೇ. ಮೊನೆ ಸುಲಭವಾಗಿ ಇಳಿಯದಿದ್ದರೆ, ತಟ್ಟಿದಾಗ ಟೊಳ್ಳು ಸದ್ದು ಬರದಿದ್ದರೆ ಚೌಕಟ್ಟನ್ನು ಉಳಿಸಿಕೊಳ್ಳಬಹುದು. ಕೆಳಭಾಗವಷ್ಟೇ ಕೊಳೆತಿದ್ದರೆ ಆ ತುಂಡನ್ನು ಕತ್ತರಿಸಿ ಅದೇ ಜಾತಿಯ ಮರವನ್ನು ಬೆಸೆಯುವ ಕೆಲಸವನ್ನು ಊರಿನ ಆಚಾರಿ ಒಂದು ದಿನದಲ್ಲಿ ಮಾಡಬಲ್ಲನು. ಗೆದ್ದಲಿನ ಮಣ್ಣುದಾರಿ ಕಂಡುಬಂದರೆ ಅದು ಗೋಡೆಯೊಳಗಿಂದ ಬಂದಿದೆಯೇ ಎಂದು ನೋಡಬೇಕು. ಮೂಲಕ್ಕೆ ಔಷಧ ಹಾಕದೆ ಹೊಸ ಮರ ಕೂರಿಸುವುದು ಗೆದ್ದಲಿಗೆ ಮತ್ತೊಮ್ಮೆ ಊಟ ಬಡಿಸಿದಂತೆ. ಸಿಮೆಂಟಿನ ಅಚ್ಚುಚೌಕಟ್ಟಿನಲ್ಲಿ ಉದ್ದುದ್ದ ಬಿರುಕು ಬಿಟ್ಟು ಒಳಗಿನ ಕಂಬಿ ಕಾಣುತ್ತಿದ್ದರೆ ಅದು ತುಕ್ಕಿನಿಂದ ಉಬ್ಬಿದ ಲಕ್ಷಣ. ಅದನ್ನು ಮೆತ್ತಿ ಉಳಿಸುವ ಪ್ರಯತ್ನ ಹೆಚ್ಚು ಕಾಲ ನಿಲ್ಲದು.

ಕಿಟಕಿ ಕೆಟ್ಟ ಕಾರಣವನ್ನೂ ಇದೇ ಸಮಯದಲ್ಲಿ ಕಂಡುಕೊಳ್ಳಬೇಕು. ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ಹಳಿಯಾಳ, ಮುಂಡಗೋಡಗಳಲ್ಲಿ ಅದರ ಅರ್ಧಕ್ಕೂ ಕಡಿಮೆ. ನೈಋತ್ಯ ದಿಕ್ಕಿನಿಂದ ಬರುವ ಎರಚಲು ಪಶ್ಚಿಮ ಹಾಗೂ ದಕ್ಷಿಣದ ಕಿಟಕಿಗಳನ್ನೇ ಹೊಡೆಯುತ್ತದೆ. ಹಿಂದಿನವರು ಜೂನ್‌ಗೆ ಮೊದಲೇ ಆ ಬದಿಗೆ ತಟ್ಟಿ ಕಟ್ಟುತ್ತಿದ್ದುದು ಇದೇ ತಿಳಿವಳಿಕೆಯಿಂದ. ಕಿಟಕಿಯ ಮೇಲೆ ಸಜ್ಜಾ ಇಲ್ಲದಿದ್ದರೆ, ಇದ್ದರೂ ಅಂಗೈಯಗಲದಷ್ಟೇ ಇದ್ದರೆ, ಎಂಥ ಬೆಲೆಬಾಳುವ ಕಿಟಕಿಯೂ ಬೇಗ ಹಾಳಾಗುತ್ತದೆ. ಅಂಥಲ್ಲಿ ಲಭ್ಯ ಹಣದ ಮೊದಲ ಪಾಲು ಸಜ್ಜಾಕ್ಕೆ ಸಲ್ಲಬೇಕು. ಹಣ ಸಾಲದಿದ್ದರೆ ಕಬ್ಬಿಣದ ಕೋನಪಟ್ಟಿಯ ಮೇಲೆ ತಗಡು ಕೂರಿಸಿದರೂ ನಡೆಯುತ್ತದೆ. ಸಜ್ಜಾದ ಅಂಚಿನ ಅಡಿಯಲ್ಲಿ ಉದ್ದಕ್ಕೂ ಒಂದು ಸಣ್ಣ ಗೆರೆತೋಡು ಇರಬೇಕು, ಇಲ್ಲವಾದರೆ ನೀರು ಅಡಿಭಾಗಕ್ಕೆ ಅಂಟಿಕೊಂಡು ಗೋಡೆಯವರೆಗೆ ಹರಿಯುತ್ತದೆ. ಕಿಟಕಿಯ ಕೆಳಗಿನ ಕಟ್ಟೆ ಹೊರಕ್ಕೆ ಇಳಿಜಾರಾಗಿರಬೇಕು. ಇವೆರಡೂ ಗಾರೆಯವನ ಅರ್ಧ ದಿನದ ಕೆಲಸ.

ಯಾವ ವಸ್ತು?

ಕಬ್ಬಿಣದ ಕಿಟಕಿ ಅಗ್ಗ, ಕಳ್ಳರಿಗೆ ಸುಲಭವಾಗಿ ಜಗ್ಗದು. ಮುಂಡಗೋಡ, ಹಳಿಯಾಳದ ಒಣ ಭಾಗಗಳಿಗೆ ಅದು ಒಪ್ಪುತ್ತದೆ. ಬಣ್ಣಕ್ಕೆ ಮುನ್ನ ತುಕ್ಕನ್ನು ಉಜ್ಜಿ ತೆಗೆದು ರೆಡ್ ಆಕ್ಸೈಡ್ ಬಳಿಯದಿದ್ದರೆ ಮೇಲಿನ ಬಣ್ಣ ಪದರಪದರವಾಗಿ ಎದ್ದುಬರುತ್ತದೆ. ಸಮುದ್ರದ ಹತ್ತಿರದ ಮನೆಗೆ ಕಬ್ಬಿಣ ಆರಿಸಿದರೆ ಮೇಲಿಂದ ಮೇಲೆ ಬಣ್ಣ ಬಳಿಯುವ ಖರ್ಚನ್ನೂ ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳತಕ್ಕದ್ದು. ಅಲ್ಲಿ ಅಲ್ಯೂಮಿನಿಯಂ ಅಥವಾ ಯುಪಿವಿಸಿ ಹೆಚ್ಚು ಬಾಳಿಕೆ ಬರುತ್ತದೆ. ಆದರೆ ಅಲ್ಯೂಮಿನಿಯಂಗೆ ಹಸಿ ಸಿಮೆಂಟ್ ತಾಗಿದರೆ ಕಲೆ ಹಿಡಿದು ಮೇಲ್ಮೈ ಕೆಡುತ್ತದೆ; ಗಾರೆ ಒಣಗುವವರೆಗೆ ಅಂಟುಪಟ್ಟಿ ಸುತ್ತಿರಬೇಕು. ಉಪ್ಪುಗಾಳಿಯಲ್ಲಿ ಅಲ್ಯೂಮಿನಿಯಂಗೆ ಸಾದಾ ಕಬ್ಬಿಣದ ಸ್ಕ್ರೂ ಹಾಕಿದರೆ ಕೂಡಿದ ಸ್ಥಳವೇ ಸವೆಯುವುದರಿಂದ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂವನ್ನೇ ಕೇಳಬೇಕು.

ಮರದ ಬಗ್ಗೆ ಒಂದು ಮಾತು. ಹಳೆಯ ಮನೆ ಬಿಚ್ಚಿದಾಗ ಹೊರಬರುವ ಮತ್ತಿ, ಹೊನ್ನೆ, ತೇಗದ ಕಿಟಕಿಗಳು ಹೊಸ ಹಸಿಮರದ ಕಿಟಕಿಗಿಂತ ಎಷ್ಟೋ ಮೇಲು. ಅವು ದಶಕಗಳ ಕಾಲ ಒಣಗಿ ನಿಂತ ಮರ, ಇನ್ನು ಸೊಟ್ಟಾಗುವ ಭಯ ಕಡಿಮೆ. ಹಳೆಯದೆಂಬ ಕಾರಣಕ್ಕೆ ಅವುಗಳನ್ನು ಕೀಳೆಂದು ಭಾವಿಸುವುದು ಬಡವರಿಗೆ ದುಬಾರಿಯಾಗುವ ಅಭಿಮಾನ. ಹೊಸ ಮರವನ್ನೇ ಬಳಸುವುದಾದರೆ, ಅದು ಸ್ವಂತ ಜಮೀನಿನದಾದರೂ ಕಡಿಯುವ ಮುನ್ನ ಅನುಮತಿ ಬೇಕೇ ಎಂದು ಅರಣ್ಯ ಇಲಾಖೆಯಲ್ಲಿ ವಿಚಾರಿಸತಕ್ಕದ್ದು.

ಸರಳುಗಳ ಖರೀದಿಯಲ್ಲಿ ತೂಕದ ಲೆಕ್ಕ ತಿಳಿದಿರುವುದು ಅಗತ್ಯ, ಏಕೆಂದರೆ ಗ್ರಿಲ್ ಮಾರಾಟವಾಗುವುದು ಬಹುತೇಕ ಕಿಲೋ ಲೆಕ್ಕದಲ್ಲಿ. 12 ಮಿ.ಮೀ. ಚೌಕ ಸರಳು ಮೀಟರಿಗೆ 1.13 ಕಿ.ಗ್ರಾಂ, 10 ಮಿ.ಮೀ. ಚೌಕ ಸರಳು 0.785 ಕಿ.ಗ್ರಾಂ ತೂಗುತ್ತದೆ. 1.2 ಮೀಟರ್ ಅಗಲ, ಅಷ್ಟೇ ಎತ್ತರದ ಕಿಟಕಿಗೆ 10 ಸೆಂ.ಮೀ. ಅಂತರದಲ್ಲಿ 11 ಸರಳು, ಅಂದರೆ 13.2 ಮೀಟರ್ ಬೇಕು. ಸುತ್ತಲಿನ ಹಾಗೂ ಎರಡು ಅಡ್ಡ ಪಟ್ಟಿಗಳು 25 ಮಿ.ಮೀ. ಅಗಲ, 5 ಮಿ.ಮೀ. ದಪ್ಪದವಾದರೆ ಒಟ್ಟು 7.2 ಮೀಟರಿಗೆ ಸುಮಾರು 7 ಕಿ.ಗ್ರಾಂ. ಹೀಗೆ 12 ಮಿ.ಮೀ. ಸರಳಿನ ಗ್ರಿಲ್ ಸುಮಾರು 22 ಕಿ.ಗ್ರಾಂ, 10 ಮಿ.ಮೀ. ಸರಳಿನದು ಸುಮಾರು 17 ಕಿ.ಗ್ರಾಂ ಆಗುತ್ತದೆ. ಬಿಲ್ಲಿನಲ್ಲಿ 35 ಕಿ.ಗ್ರಾಂ ಬರೆದಿದ್ದರೆ ಬಳ್ಳಿ, ಹೂವಿನ ಅಲಂಕಾರಕ್ಕೆ ಹಣ ಹೋಗುತ್ತಿದೆ, ಇಲ್ಲವೇ ತಕ್ಕಡಿಯನ್ನು ಮತ್ತೊಮ್ಮೆ ನೋಡಬೇಕಾಗಿದೆ. ಒಂದೇ ಬಾಗಿಲಿರುವ ಮನೆಯಲ್ಲಿ ಮಲಗುವ ಕೋಣೆಯ ಒಂದು ಗ್ರಿಲ್ಲಾದರೂ ಒಳಗಿನಿಂದ ಚಿಲಕ ತೆಗೆದು ತೆರೆಯುವಂತಿರಲಿ. ಬಾಗಿಲ ಬಳಿ ಬೆಂಕಿ ಹತ್ತಿದರೆ ಹೊರಬರಲು ಬೇರೆ ದಾರಿ ಇರುವುದಿಲ್ಲ.

ಯಾವ ಕಿಟಕಿ ಮೊದಲು?

ಹಣ ಒಂದೇ ಕಿಟಕಿಗೆ ಸಾಕಾಗುವಷ್ಟಿದ್ದಾಗ ಅದು ಬೀದಿಗೆ ಕಾಣುವ ಜಗಲಿಯ ಕಿಟಕಿಗೆ ಹೋಗುವುದೇ ರೂಢಿ. ಅಡುಗೆಮನೆಯದು ಗೋಣಿಚೀಲ ತುರುಕಿದ ಸ್ಥಿತಿಯಲ್ಲಿ ಮತ್ತೆ ಕೆಲವು ವರ್ಷ ಕಳೆಯುತ್ತದೆ. ಸೌದೆ ಒಲೆಯ ಹೊಗೆಯಲ್ಲಿ ದಿನಕ್ಕೆ ಹಲವು ತಾಸು ಕುಳಿತುಕೊಳ್ಳುವವರು ಮನೆಯ ಹೆಂಗಸರು, ಅವರ ಮಡಿಲಲ್ಲಿರುವ ಮಕ್ಕಳು. ಕಟ್ಟಡ ಸಂಹಿತೆಯು ಅಡುಗೆಮನೆಗೆ ನೇರವಾಗಿ ಬಯಲಿಗೆ ತೆರೆಯುವ, ಒಂದು ಚದರ ಮೀಟರಿಗೆ ಕಡಿಮೆಯಿಲ್ಲದ ಕಿಟಕಿ ಇರಬೇಕೆನ್ನುತ್ತದೆ. ಬಿಸಿಹೊಗೆ ಮೇಲೇರುವುದರಿಂದ ಮಾಡಿನ ಹತ್ತಿರ ಒಂದು ಗವಾಕ್ಷಿಯನ್ನೋ, ನಾಲ್ಕಾರು ಜಾಲಿ ಇಟ್ಟಿಗೆಯನ್ನೋ ಕೂರಿಸಿದರೆ ಕಿಟಕಿಯ ಕೆಲಸ ಹಗುರಾಗುತ್ತದೆ. ಸದಸ್ಯರು ಮನೆಯವರೊಂದಿಗೆ ಮಾತನಾಡುವಾಗ, ವಿಶೇಷವಾಗಿ ಯಜಮಾನನೊಬ್ಬನೇ ಮಾತನಾಡುತ್ತಿರುವಾಗ, ಅಡುಗೆ ಮಾಡುವವರನ್ನೂ ಕರೆದು ಕೇಳುವುದು ಒಳ್ಳೆಯದು.

ಎರಡನೆಯ ಸ್ಥಾನ ರೋಗಿಯೋ ವೃದ್ಧರೋ ಮಲಗುವ ಕೋಣೆಗೆ. ಕ್ಷಯವು ಗಾಳಿಯಿಂದ ಹರಡುವ ರೋಗ. ಮುಚ್ಚಿದ ಕೋಣೆಯಲ್ಲಿ ಅಪಾಯ ಹೆಚ್ಚು, ಗಾಳಿಯಾಡುವ ಕೋಣೆಯಲ್ಲಿ ಕಡಿಮೆ. 2023ರಿಂದ ನಡೆಯುತ್ತಿರುವ ಕ್ಷಯಮುಕ್ತ ಪಂಚಾಯತ್ ಅಭಿಯಾನದಲ್ಲಿ ತೊಡಗಿರುವ ಸದಸ್ಯರು ರೋಗಿಯ ಮನೆಗೆ ಹೋದಾಗ ಮಾತ್ರೆಯ ಜೊತೆಗೆ ಕಿಟಕಿಯನ್ನೂ ವಿಚಾರಿಸಬೇಕು. ಇದ್ದ ಕಿಟಕಿಗೆ ಸೊಳ್ಳೆಯ ಭಯದಿಂದ ಪ್ಲಾಸ್ಟಿಕ್ ಹೊಡೆದಿರುವ ಮನೆಗಳಿವೆ. ಅಂಥಲ್ಲಿ ಹೊಸ ಕಿಟಕಿಯೇ ಬೇಕಾಗಿಲ್ಲ. ಹಳೆಯ ಚೌಕಟ್ಟಿಗೆ ಅಂಟುಪಟ್ಟಿಯಿಂದ ಕೂರುವ ಬಲೆ ಸಾಕು. ಡೆಂಗ್ಯೂ ಹರಡುವ ಸೊಳ್ಳೆ ಹಗಲಿನಲ್ಲಿ ಕಚ್ಚುವುದರಿಂದ ಬಲೆಯನ್ನು ಹಗಲೂ ತೆಗೆಯಬಾರದು. ದೂಳು ತುಂಬಿದ ಬಲೆ ಗಾಳಿಯನ್ನು ತಡೆಯುತ್ತದೆ, ಆಗಾಗ ತೊಳೆಯುತ್ತಿರಬೇಕು.

ಕೆಲಸದ ಕಾಲ ಫೆಬ್ರವರಿಯಿಂದ ಏಪ್ರಿಲ್. ಬೇಸಿಗೆಯಲ್ಲಿ ಕೂರಿಸುವ ಮರದ ಕದಕ್ಕೆ ಮಳೆಗಾಲದಲ್ಲಿ ಉಬ್ಬಲು ಎಡೆ ಬಿಟ್ಟಿರಬೇಕೆಂದು ಆಚಾರಿಗೆ ಮೊದಲೇ ತಿಳಿಸತಕ್ಕದ್ದು. ಅಳತೆಯನ್ನು ಸರಬರಾಜು ಮಾಡುವವನೇ ಬಂದು ತೆಗೆದುಕೊಂಡು ಚೀಟಿಯಲ್ಲಿ ಬರೆದುಕೊಡಲಿ. ಟಫನ್ಡ್ ಗಾಜನ್ನು ತಯಾರಾದ ಮೇಲೆ ಕತ್ತರಿಸಲು ಬರುವುದಿಲ್ಲ. ಅಳತೆ ತಪ್ಪಿದರೆ ನಷ್ಟ ಯಾರದೆಂಬ ಜಗಳಕ್ಕೆ ಆ ಚೀಟಿಯೇ ಆಧಾರ. ಗೋಡೆಯ ತೆರಪನ್ನು ಅಗಲ ಮಾಡುವ ಆಲೋಚನೆಯಿದ್ದರೆ ಮೇಲಿನ ಲಿಂಟಲ್ ಎಷ್ಟು ಉದ್ದವಿದೆಯೆಂದು ಎಂಜಿನಿಯರ್ ನೋಡುವ ತನಕ ಗೋಡೆ ಒಡೆಯಬಾರದು.

ಅಭ್ಯಾಸಕ್ಕಾಗಿ: ಮುಂದಿನ ಸಾಮಾನ್ಯ ಸಭೆಗೆ ಮೊದಲು ಪ್ರತಿ ಸದಸ್ಯರೂ ತಮ್ಮ ವಾರ್ಡಿನ ಅಂಗನವಾಡಿಗೆ ಅಳತೆಪಟ್ಟಿಯೊಂದಿಗೆ ಹೋಗಿ, ಮಕ್ಕಳು ಕೂರುವ ಕೋಣೆಯ ನೆಲವನ್ನೂ, ಕಿಟಕಿಗಳಲ್ಲಿ ನಿಜವಾಗಿ ತೆರೆಯುವ ಭಾಗವನ್ನೂ ಅಳೆದು ಬರೆದುಕೊಳ್ಳುವುದು. ತುಕ್ಕು ಹಿಡಿದು ತೆರೆಯದ ಕದವನ್ನು ಲೆಕ್ಕಕ್ಕೆ ಸೇರಿಸಕೂಡದು. ನೆಲದ ಆರನೆಯ ಒಂದು ಭಾಗಕ್ಕೆ ಎಷ್ಟು ಚದರ ಅಡಿ ಕೊರತೆ ಬೀಳುತ್ತದೆ, ಅದರಲ್ಲಿ ಬಿಜಾಗರಿಗೆ ಎಣ್ಣೆ ಹಾಕಿ ಕದ ಸರಿಪಡಿಸುವುದರಿಂದಲೇ ತುಂಬುವುದೆಷ್ಟು, ಹೊಸ ಕಿಟಕಿಯಿಂದ ತುಂಬಬೇಕಾದುದೆಷ್ಟು ಎಂಬುದನ್ನು ಬೇರೆಬೇರೆಯಾಗಿ ಬರೆದು ಸಭೆಗೆ ತರುವುದು.