ಹೆಸರೂ ಹೆಸರಿನ ವ್ಯಾಪಾರವೂ

ಮನುಷ್ಯನಿಗೆ ಹೆಸರು ಎರಡು ಬಗೆಯಿಂದ ಬರುತ್ತದೆ. ಅವನು ಮಾಡಿದ ಕೆಲಸವನ್ನು ಕಂಡವರು ತಾವಾಗಿಯೇ ಕೊಂಡಾಡುವುದರಿಂದ ಬರುವ ಹೆಸರು ಒಂದು. ತಾನೇ ಸಾರಿಕೊಂಡು, ಇತರರಿಂದ ಸಾರಿಸಿಕೊಂಡು ಗಳಿಸುವ ಹೆಸರು ಮತ್ತೊಂದು. ಮೊದಲನೆಯದು ಮರದ ನೆರಳಿನಂತೆ. ಮರವಿರುವವರೆಗೆ ಅದೂ ಇರುವುದು. ಎರಡನೆಯದಕ್ಕೆ ಮರವೇ ಬೇಕೆಂಬ ನಿಯಮವಿಲ್ಲ. ಗೋಡೆಯ ಮೇಲೆ ನೆರಳನ್ನು ಬರೆದರೂ ಸಾಕು. ಆದರೆ ಬಿಸಿಲಿನಲ್ಲಿ ಬಂದವನಿಗೆ ಆ ನೆರಳಿನಿಂದ ತಂಪು ದೊರೆಯದು. ಸಾಮಾಜಿಕ ಜಾಲತಾಣಗಳು ಮನೆಮನೆಯ ಮೊಬೈಲಿನಲ್ಲಿ ನೆಲೆಸಿರುವ ಈ ಕಾಲದಲ್ಲಿ ಇವೆರಡರ ಭೇದವನ್ನು ಗೃಹಸ್ಥರು ಚೆನ್ನಾಗಿ ಅರಿಯತಕ್ಕದ್ದು.

ತನ್ನ ಕೆಲಸವನ್ನು ಜನರಿಗೆ ತಿಳಿಸುವುದು ದೋಷವಲ್ಲ. ನೇಕಾರನು ತಾನು ನೇಯ್ದ ಸೀರೆಯನ್ನು ಸಂತೆಯಲ್ಲಿ ಬಿಚ್ಚಿ ತೋರಿಸದಿದ್ದರೆ ಕೊಳ್ಳುವವರು ಅದರ ಗುಣವನ್ನು ಅರಿಯುವುದು ಹೇಗೆ? ಸಾರ್ವಜನಿಕ ಸಂಪರ್ಕವೆಂಬ ವೃತ್ತಿಯೂ ಈ ನ್ಯಾಯದ ಮೇಲೆಯೇ ನಿಂತಿದೆ. ಅದನ್ನು ಕಟ್ಟಿದವರಲ್ಲಿ ಅಮೆರಿಕದ ಐವಿ ಲೀ ಎಂಬವರು ಮೊದಲಿಗರಲ್ಲೊಬ್ಬರು. 1906ರಲ್ಲಿ ಅವರು ಪತ್ರಿಕೆಗಳಿಗೆ ತತ್ತ್ವಗಳ ಘೋಷಣೆಯೊಂದನ್ನು ಕಳುಹಿಸಿದರು. ಕೆಲಸವು ಬಹಿರಂಗವಾಗಿ ನಡೆಯಬೇಕು, ಕೊಡುವ ಸುದ್ದಿಯು ನಿಖರವಾಗಿರಬೇಕು ಎಂಬುದೇ ಅದರ ಸಾರ. ಆದರೆ 1914ರಲ್ಲಿ ಕೊಲೊರಾಡೊ ಪ್ರಾಂತದ ಲಡ್ಲೋ ಎಂಬಲ್ಲಿ ಗಣಿ ಕಾರ್ಮಿಕರ ಮುಷ್ಕರ ನಡೆದು, ಹೆಂಗಸರು ಮಕ್ಕಳೂ ಸೇರಿ ಹಲವರು ಪ್ರಾಣ ಕಳೆದುಕೊಂಡಾಗ, ಗಣಿ ಕಂಪನಿಯಲ್ಲಿ ಮುಖ್ಯ ಪಾಲುಳ್ಳ ರಾಕ್‌ಫೆಲ್ಲರ್ ಮನೆತನದವರು ಇದೇ ಲೀಯವರನ್ನು ನೇಮಿಸಿಕೊಂಡರು. ಅವರು ಹೊರಡಿಸಿದ ಪತ್ರಿಕೆಗಳಲ್ಲಿ ಮುಷ್ಕರದ ಮುಖಂಡರ ವೇತನವನ್ನು ನಿಜಕ್ಕಿಂತ ಬಹಳ ಹೆಚ್ಚಾಗಿ ತೋರಿಸಲಾಗಿತ್ತು. ತತ್ತ್ವವನ್ನು ಬರೆದ ಕೈಯೇ ತತ್ತ್ವವನ್ನು ಮೀರಿತು.

ಮಾತಿನ ಹಿಂದೆ ನಿಂತವರು ಯಾರೆಂಬುದನ್ನು ಮರೆಮಾಡುವುದು ಇದಕ್ಕಿಂತಲೂ ಸೂಕ್ಷ್ಮವಾದ ವಂಚನೆ. 1929ರ ಈಸ್ಟರ್ ಹಬ್ಬದ ದಿನ ನ್ಯೂಯಾರ್ಕ್ ನಗರದ ಫಿಫ್ತ್ ಅವೆನ್ಯೂ ಎಂಬ ಬೀದಿಯಲ್ಲಿ ಕೆಲವು ತರುಣಿಯರು ಸಿಗರೇಟು ಹಚ್ಚಿಕೊಂಡು ನಡೆದರು. ಆ ಸಿಗರೇಟುಗಳಿಗೆ ‘ಸ್ವಾತಂತ್ರ್ಯದ ಪಂಜು’ಗಳೆಂದು ಹೆಸರಿಡಲಾಗಿತ್ತು. ನೋಡಿದವರಿಗೆ ಅದು ಸ್ತ್ರೀಯರ ಹಕ್ಕಿನ ಮೆರವಣಿಗೆಯಂತೆ ಕಂಡಿತು. ಅದನ್ನು ಹೂಡಿದವರು ಎಡ್ವರ್ಡ್ ಬರ್ನೇಸ್ ಎಂಬ ಪ್ರಚಾರತಜ್ಞರು; ಅವರಿಗೆ ಹಣ ಕೊಟ್ಟದ್ದು ತಂಬಾಕಿನ ಕಂಪನಿ. ಸ್ವಾತಂತ್ರ್ಯವೆಂಬ ದೊಡ್ಡ ಮಾತು ಸಣ್ಣದೊಂದು ವ್ಯಾಪಾರಕ್ಕೆ ಹೊದಿಕೆಯಾಯಿತು.

ಆ ಕಾಲದಲ್ಲಿ ಇಂತಹ ಪ್ರಚಾರವು ದೊಡ್ಡ ಸಂಸ್ಥೆಗಳಿಗೂ ಧನಿಕರಿಗೂ ಮಾತ್ರ ಸಾಧ್ಯವಾಗಿತ್ತು. 1997ರಲ್ಲಿ ಟಾಮ್ ಪೀಟರ್ಸ್ ಎಂಬ ಲೇಖಕರು ಅಮೆರಿಕದ ಒಂದು ಪತ್ರಿಕೆಯಲ್ಲಿ, ಪ್ರತಿಯೊಬ್ಬ ವ್ಯಕ್ತಿಯೂ ತಾನೇ ಒಂದು ಬ್ರ್ಯಾಂಡ್ ಆಗಬೇಕೆಂದು ಪ್ರತಿಪಾದಿಸಿದರು. ಬ್ರ್ಯಾಂಡ್ ಎಂಬ ಮಾತಿಗೆ ಮೂಲದಲ್ಲಿ ಸುಡುವುದು ಎಂದು ಅರ್ಥ. ಕಾದ ಕಬ್ಬಿಣದಿಂದ ದನಗಳ ಮೈಮೇಲೆ ಒತ್ತುವ ಒಡೆತನದ ಮುದ್ರೆಗೂ ಅದೇ ಹೆಸರು. ದನಕ್ಕೆ ಒತ್ತಿದ ಮುದ್ರೆಯನ್ನು ಮನುಷ್ಯನು ತಾನೇ ಬಯಸಿ ಒತ್ತಿಕೊಳ್ಳತೊಡಗಿದನು. 2004ರಲ್ಲಿ ಫೇಸ್‌ಬುಕ್, 2010ರಲ್ಲಿ ಇನ್‌ಸ್ಟಾಗ್ರಾಂ ಹುಟ್ಟಿದವು. 2009ರಲ್ಲಿ ಫೇಸ್‌ಬುಕ್ಕಿಗೆ ‘ಲೈಕ್’ ಎಂಬ ಗುಂಡಿ ಸೇರಿತು. ಅಂದಿನಿಂದ ಮೆಚ್ಚುಗೆಯು ಕೊಳಗದಲ್ಲಿ ಅಳೆಯುವ ಕಾಳಿನಂತೆ ಎಣಿಕೆಗೆ ಸಿಕ್ಕಿತು. ಎಣಿಕೆಗೆ ಸಿಕ್ಕಿದುದು ಮಾರಾಟಕ್ಕೂ ಸಿಗುವುದು ಲೋಕರೂಢಿಯಲ್ಲವೇ?

ಅದರ ಫಲವನ್ನು 2017ರಲ್ಲಿ ಲೋಕವೇ ಕಂಡಿತು. ಬಹಾಮಾ ದ್ವೀಪಗಳಲ್ಲಿ ‘ಫೈರ್’ ಎಂಬ ಸಂಗೀತೋತ್ಸವ ನಡೆಯುವುದೆಂದು ಹೆಸರಾಂತ ರೂಪದರ್ಶಿಗಳು ಇನ್‌ಸ್ಟಾಗ್ರಾಂನಲ್ಲಿ ಸಾರಿದರು. ಅದಕ್ಕಾಗಿ ತಾವು ಹಣ ಪಡೆದುದನ್ನು ಅವರಲ್ಲಿ ಬಹುಮಂದಿ ತಿಳಿಸಲಿಲ್ಲ. ಭವ್ಯವಾದ ಬಿಡಾರ, ಮೃಷ್ಟಾನ್ನಗಳನ್ನು ನಂಬಿ ದುಬಾರಿ ಬೆಲೆ ತೆತ್ತು ಹೋದ ಜನರಿಗೆ ದೊರೆತುದು ಆಪತ್ಕಾಲದ ಗುಡಾರಗಳು, ಮಳೆಯಲ್ಲಿ ನೆನೆದ ಹಾಸಿಗೆಗಳು. ಉತ್ಸವದ ಸಂಘಟಕನಿಗೆ 2018ರಲ್ಲಿ ವಂಚನೆಯ ಅಪರಾಧಕ್ಕಾಗಿ ಆರು ವರ್ಷಗಳ ಕಾರಾಗೃಹವಾಸದ ಶಿಕ್ಷೆಯಾಯಿತು.

ಭಾರತದಲ್ಲಿಯೂ ಕಾನೂನು ಎಚ್ಚೆತ್ತಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ, ದಾರಿತಪ್ಪಿಸುವ ಜಾಹೀರಾತಿಗೆ ತನ್ನ ಹೆಸರು ಕೊಟ್ಟವನಿಗೂ 10 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು; ತಪ್ಪು ಮರುಕಳಿಸಿದರೆ ಅದು 50 ಲಕ್ಷದವರೆಗೆ ಏರಬಹುದು. ಹಣವನ್ನೋ ಉಡುಗೊರೆಯನ್ನೋ ಪಡೆದು ಒಂದು ವಸ್ತುವನ್ನು ಹೊಗಳುವವರು ಅದನ್ನು ಸ್ಪಷ್ಟವಾಗಿ ತಿಳಿಸಬೇಕೆಂದು ಕೇಂದ್ರ ಸರ್ಕಾರವು 2023ರ ಜನವರಿಯಲ್ಲಿ ಸೂಚಿಸಿತು. ಆದರೆ ಕಾನೂನಿನ ಕಣ್ಣು ಅಂಗಡಿಯವರೆಗೆ ತಲುಪೀತೇ ಹೊರತು ಅಂತರಂಗದವರೆಗೆ ತಲುಪಲಾರದು.

ಇಲ್ಲಿ ಶರಣರ ಅಂಕಿತದ ಪದ್ಧತಿಯು ವಿಚಾರಯೋಗ್ಯವಾದುದು. ಬಸವಣ್ಣನವರು ಕೂಡಲಸಂಗಮದೇವನ ಹೆಸರಿನಲ್ಲಿಯೂ, ಅಕ್ಕಮಹಾದೇವಿಯವರು ಚೆನ್ನಮಲ್ಲಿಕಾರ್ಜುನನ ಹೆಸರಿನಲ್ಲಿಯೂ, ಅಲ್ಲಮಪ್ರಭುಗಳು ಗುಹೇಶ್ವರನ ಹೆಸರಿನಲ್ಲಿಯೂ ವಚನಗಳನ್ನು ಮುಗಿಸಿದರು. ಮಾತು ಅವರದು, ಮುದ್ರೆ ಅವರ ಇಷ್ಟದೈವದ್ದು. ದೈವವನ್ನು ಸಾಕ್ಷಿಯಾಗಿಟ್ಟು ಆಡಿದ ಮಾತಿನಲ್ಲಿ ಹುಸಿಗೆ ಎಡೆಯೆಲ್ಲಿ? ಅಂಬಿಗರ ಚೌಡಯ್ಯನವರಾದರೋ ತಮ್ಮ ಹೆಸರನ್ನೇ ಅಂಕಿತವಾಗಿಸಿಕೊಂಡರು. ಆದರೆ ಆ ಹೆಸರಿನ ಮುಂದೆ ಅವರ ಕಾಯಕವು ನಿಂತಿದೆ. ಆದುದರಿಂದ ಹೆಸರು ಹೇಳಿಕೊಳ್ಳುವುದೇ ತಪ್ಪೆಂದಲ್ಲ. ಕಾಯಕವು ಮುಂದೆ, ಹೆಸರು ಹಿಂದೆ ಇರಬೇಕೆಂಬುದೇ ಇದರಿಂದ ಗ್ರಹಿಸತಕ್ಕ ತಾತ್ಪರ್ಯ.

ಈ ಮಾತು ಪ್ರಸಿದ್ಧರಿಗೆ ಮಾತ್ರ ಸಲ್ಲುವುದೆಂದು ಬಗೆಯಬಾರದು. ಹಸಿದವನಿಗೆ ತಟ್ಟೆ ನೀಡುವಾಗ ಅವನ ತಗ್ಗಿದ ಮುಖವನ್ನು ಮೊಬೈಲಿನಲ್ಲಿ ಹಿಡಿದು ಊರಿಗೆಲ್ಲ ತೋರಿಸಿದರೆ, ಅವನು ಉಂಡ ಅನ್ನದ ಬೆಲೆಯನ್ನು ಅವನ ಮಾನದಿಂದ ವಸೂಲು ಮಾಡಿದಂತಾಯಿತು. ಅದು ದಾಸೋಹವಲ್ಲ, ವಿನಿಮಯ. ಅಂತೆಯೇ, ತಾನು ಹಾಕಿದ ಚಿತ್ರಕ್ಕೆ ಲೈಕುಗಳು ಬಾರಲಿಲ್ಲವೆಂದು ಮಗಳು ಊಟ ಬಿಟ್ಟು ಕುಳಿತರೆ, ಗದರಿಸುವುದಕ್ಕೆ ಮೊದಲು ತಾಯಿತಂದೆಗಳು ತಮ್ಮನ್ನು ತಾವೇ ಕೇಳಿಕೊಳ್ಳಬೇಕು: ಆ ಮಗುವಿನ ಒಳ್ಳೆಯ ಕೆಲಸವನ್ನು ಮನೆಯೊಳಗೆ ಯಾರಾದರೂ ಕಂಡು ಮೆಚ್ಚಿ ಎಷ್ಟು ದಿನವಾಯಿತು? ಮನೆಯಲ್ಲಿ ದೊರೆಯದ ಮೆಚ್ಚುಗೆಯನ್ನೇ ಮಕ್ಕಳು ಬೀದಿಯಲ್ಲಿ ಬೇಡುವರು.

ಏನನ್ನಾದರೂ ಜಾಲತಾಣದಲ್ಲಿ ಪ್ರಕಟಿಸುವ ಮೊದಲು ಮೂರು ಪ್ರಶ್ನೆಗಳನ್ನು ಹಾಕಿಕೊಳ್ಳುವುದು ಲೇಸು. ಇದು ನಿಜವೇ? ಇದರಿಂದ ಲಾಭ ಪಡೆಯುವವರು ಯಾರೆಂಬುದು ಓದುಗರಿಗೆ ತಿಳಿದಿದೆಯೇ? ಯಾರೂ ನೋಡದಿದ್ದರೂ ಈ ಕೆಲಸ ನಡೆಯುತ್ತಿತ್ತೇ? ಇತರರ ಹೊಗಳಿಕೆಯನ್ನು ಓದಿ ವಸ್ತುವನ್ನು ಕೊಳ್ಳುವಾಗಲೂ ಮೊದಲಿನ ಎರಡು ಪ್ರಶ್ನೆಗಳು ಕೈದೀಪವಾಗುತ್ತವೆ. ಮೂರನೆಯದು ಮಾತ್ರ ಪರರಿಗಲ್ಲ, ತನಗೆ. ಅದಕ್ಕೆ ಹೌದೆಂದು ಉತ್ತರಿಸಬಲ್ಲವನು ಹೆಸರನ್ನು ಅರಸಿಕೊಂಡು ಹೋಗಬೇಕಾದುದಿಲ್ಲ. ಹೆಸರು ಬಂದರೆ ಹಿಗ್ಗದೆ, ಬಾರದಿದ್ದರೆ ಕುಗ್ಗದೆ, ಅವನು ಮರುದಿನವೂ ತನ್ನ ಕಾಯಕದಲ್ಲಿ ನಿರತನಾಗಿರುವನು.