ಇಂದಿನ ಚಿಂತನೆ: ಗುಜರಿ ಕಾರಿಗೆ ಹೆಸರಿಟ್ಟವರು



ಮಿಲಿಂದ ರಾಜನಿಗೆ ಭಿಕ್ಕು ನಾಗಸೇನರು ರಥ ತೋರಿಸಿ ಕೇಳಿದ ಪ್ರಶ್ನೆ ನಮ್ಮ ಬಳಗಕ್ಕೆ ಹೊಸದಲ್ಲ. ಅಚ್ಚು ರಥವೇ? ಚಕ್ರ ರಥವೇ? ಯಾವುದೂ ಅಲ್ಲ. ಎಲ್ಲ ಕೂಡಿದಾಗ ಬಳಕೆಗೆಂದು ಇಟ್ಟುಕೊಂಡ ಹೆಸರು ರಥ. ಹಾಗಾದರೆ ಆ ಹೆಸರಿಡುವವರು ಯಾರು? ಇವತ್ತು ಈ ಪ್ರಶ್ನೆಯನ್ನು ಒಂದು ಕಾರಿನ ಮೂಲಕ ನೋಡೋಣ. ಕಾರು ಅಮೆರಿಕದ್ದು, ಅದೂ ಗುಜರಿಯಿಂದ ಎದ್ದು ಬಂದದ್ದು.

ಎರಡನೇ ಮಹಾಯುದ್ಧ ಮುಗಿದಾಗ ಕ್ಯಾಲಿಫೋರ್ನಿಯಾದಲ್ಲಿ ತುಕ್ಕು ಹಿಡಿದ ಹಳೆಯ ಫೋರ್ಡ್ ಕಾರುಗಳು ಅಗ್ಗಕ್ಕೆ ಸಿಗುತ್ತಿದ್ದವು. ಯುದ್ಧಕ್ಕೆಂದು ಮಾಡಿದ್ದ ವಿಮಾನದ ಓಡುದಾರಿಗಳು ಖಾಲಿ ಬಿದ್ದಿದ್ದವು. ಕಾರು, ದಾರಿ ಎರಡೂ ಬೇರೆಯವರು ಬಿಟ್ಟುಹೋದವು. ಅಲ್ಲಿ ಹುಟ್ಟಿ ಬೆಳೆದದ್ದು ಡ್ರ್ಯಾಗ್ ರೇಸ್. ಎರಡು ಕಾರು ಪಕ್ಕಪಕ್ಕ ನಿಲ್ಲುತ್ತಿದ್ದವು, ಬಾವುಟ ಬೀಳುತ್ತಿತ್ತು, ಕಾಲು ಮೈಲಿ, ಅಂದರೆ ಸುಮಾರು 402 ಮೀಟರ್ ನೇರ ಓಟ. ತಿರುವಿಲ್ಲ, ಎರಡನೇ ಸುತ್ತಿಲ್ಲ.

ಈ ಕಾರು ಕಟ್ಟುವ ಕೆಲಸ ಬಿಚ್ಚುವುದರಿಂದ ಶುರು. ಮಡ್‌ಗಾರ್ಡ್, ಬಾನೆಟ್, ಹಿಂದಿನ ಸೀಟು, ಬೇಕಾದರೆ ಮೇಲ್ಛಾವಣಿಯೂ ಹೋಗುತ್ತದೆ. ಓಡಲು ಬೇಡವಾದದ್ದೆಲ್ಲ ಬರೀ ಭಾರ. ಕೊನೆಗೆ ಉಳಿಯುವುದು ಏಣಿಯಂಥ ಕಬ್ಬಿಣದ ಚೌಕಟ್ಟು, ಇಂಜಿನ್, ನಾಲ್ಕು ಚಕ್ರ. ಆದರೆ ಭಾರ ಕಡಿಮೆಯಾದರೆ ಸಾಲದು, ಉಳಿದ ಭಾರ ಎಲ್ಲಿ ಕೂರುತ್ತದೆ ಅನ್ನುವುದೇ ಲೆಕ್ಕ. ಕಾರನ್ನು ತಳ್ಳುವುದು ಹಿಂದಿನ ಚಕ್ರಗಳು. ಅವುಗಳ ಮೇಲೆ ಭಾರವಿಲ್ಲದಿದ್ದರೆ ಟೈರು ನಿಂತಲ್ಲೇ ಗಿರಗಿರ ತಿರುಗಿ ಹೊಗೆ ಎಬ್ಬಿಸುತ್ತದೆ, ಕಾರು ಮುಂದೆ ಹೋಗುವುದಿಲ್ಲ. ಅದಕ್ಕೇ ಇಂಜಿನ್ನನ್ನು ಹಿಂದಕ್ಕೆ ಸರಿಸಿ, ಓಡಿಸುವವನನ್ನು ಹಿಂದಿನ ಅಚ್ಚಿನ ಹತ್ತಿರ ಕೂರಿಸಿದರು. ಮುಂದೆ ಹೋಗಲು ಭಾರವನ್ನು ಹಿಂದೆ ಹಾಕಬೇಕು ಅನ್ನುವುದನ್ನು ಅವರು ಯಾವ ಪುಸ್ತಕದಿಂದಲೂ ಕಲಿಯಲಿಲ್ಲ. ಇನ್ನು ಇಂಧನ. ನೈಟ್ರೋಮೀಥೇನ್ ಎಂಬ ದ್ರವ ತನ್ನೊಳಗೇ ಆಮ್ಲಜನಕವನ್ನು ಹೊತ್ತಿರುತ್ತದೆ. ಹಾಗಾಗಿ ಅಷ್ಟೇ ಗಾಳಿಯಲ್ಲಿ ಪೆಟ್ರೋಲಿಗಿಂತ ಎಷ್ಟೋ ಪಟ್ಟು ಹೆಚ್ಚು ಇಂಧನ ಉರಿಸಬಹುದು. ಬೆರಕೆಯ ಅಳತೆ ತಪ್ಪಿದರೆ ಇಂಜಿನ್ನೇ ಸಿಡಿಯುತ್ತದೆ.

ಈ ವಿದ್ಯೆಯಲ್ಲಿ ಪಳಗಿದವರಲ್ಲಿ ಸ್ಯಾನ್ ಡಿಯಾಗೋ ನಗರದ ವಾಕೀನ್ ಆರ್ನೆಟ್ ಒಬ್ಬರು. ಮೆಕ್ಸಿಕನ್ ಮೂಲದವರು, ವೆಲ್ಡಿಂಗ್‌ನಲ್ಲಿ ಎತ್ತಿದ ಕೈ. ಅವರ ತಂಡದಲ್ಲಿ ಮೆಕ್ಸಿಕನ್, ಕರಿಯ, ಜಪಾನಿ, ಫಿಲಿಪಿನೋ ಹುಡುಗರೆಲ್ಲ ಇದ್ದರು. ಅದು 1950ರ ಆಸುಪಾಸು. ಅಮೆರಿಕದ ದಕ್ಷಿಣದಲ್ಲಿ ಕರಿಯರ ಮಕ್ಕಳಿಗೆ ಬೇರೆ ಶಾಲೆ, ಬೇರೆ ನಲ್ಲಿ ಇದ್ದ ಕಾಲ. ಮೆಕ್ಸಿಕನ್ನರ ಊಟದ ಕಾಳನ್ನೇ ಹಿಡಿದು ಅವರನ್ನು 'ಬೀನರ್' ಎಂದು ಹಳಿಯುತ್ತಿದ್ದರು. ಸಿನಿಮಾದಲ್ಲಿ ಮೆಕ್ಸಿಕನ್ ಎಂದರೆ ಡಕಾಯಿತ. ಇವರು ಆ ಎರಡನ್ನೂ ಎತ್ತಿಕೊಂಡು 'ಬೀನ್ ಬ್ಯಾಂಡಿಟ್ಸ್' ಎಂದು ತಮಗೆ ತಾವೇ ಹೆಸರಿಟ್ಟುಕೊಂಡು, ಹಳದಿ ಕಾರಿನ ಜೊತೆ ಮೈದಾನಕ್ಕೆ ಬಂದರು. ಟ್ರೋಫಿಗಳನ್ನು ಹೊತ್ತುಕೊಂಡು ಹೋದರು. ಡ್ರ್ಯಾಗ್ ರೇಸಿನ ಇತಿಹಾಸ ಬರೆಯುವವರು ಇವತ್ತು ಆ ಹೆಸರನ್ನು ಬಿಟ್ಟು ಬರೆಯುವಂತಿಲ್ಲ. (ಊಟದ ಮೇಲೆ ಹಳಿಯುವುದು ಅಲ್ಲಿನವರಿಗೆ ಮಾತ್ರ ಗೊತ್ತಿದ್ದ ವಿದ್ಯೆಯಲ್ಲ, ಇರಲಿ.)

ದೀಕ್ಷೆ ಪಡೆದ ಮೇಲೂ 'ದಲಿತ' ಎಂಬ ಪದ ಯಾಕೆ ಎಂದು ನಮ್ಮ ಕಿರಿಯರು ಆಗಾಗ ಕೇಳುತ್ತಾರೆ. ಸಂಘರ್ಷ ಸಮಿತಿಯಲ್ಲಿ ದುಡಿದ ಹಿರಿಯರಿಗೆ ಆ ಮಾತು ನೋವು ಕೊಡುತ್ತದೆ. ಕನ್ನಡ ಮೇಷ್ಟ್ರಾಗಿ ನಾನು ಹೇಳುವುದಿಷ್ಟು. 'ದಲ್' ಎಂದರೆ ಒಡೆ, ಸೀಳು. ದಲಿತ ಎಂದರೆ ಒಡೆಯಲ್ಪಟ್ಟದ್ದು. ಹಾಗಾದರೆ ಒಡೆದವರು ಯಾರು ಎಂದು ಆ ಪದವೇ ಕೇಳುತ್ತದೆ. ಊರಿನವರು ನಮ್ಮನ್ನು ಕರೆಯುತ್ತಿದ್ದ ಹೆಸರುಗಳಲ್ಲಿ ಆ ಪ್ರಶ್ನೆ ಇರಲಿಲ್ಲ. 1972ರಲ್ಲಿ ಮುಂಬಯಿಯ ಯುವಕರು 'ದಲಿತ ಪ್ಯಾಂಥರ್' ಎಂದಾಗ ಅದರ ಅರ್ಧವನ್ನು ಅಮೆರಿಕದ ಕರಿಯರ ಬ್ಲ್ಯಾಕ್ ಪ್ಯಾಂಥರ್ ಸಂಘಟನೆಯಿಂದ ತಂದರು. ಬೇರೆ ಗಾಡಿಯ ಗೇರ್‌ಬಾಕ್ಸ್ ತಂದು ಕೂರಿಸಿದ ಹಾಗೆ. ಗಾಡಿ ಓಡಿತಲ್ಲ!

ನಾನು ಮಗಳ ಶಾಲಾ ದಾಖಲೆಯಲ್ಲಿ 'ಬೌದ್ಧ' ಎಂದು ಬರೆಸಿದ್ದೇನೆ. ಸಭೆಯಲ್ಲಿ 'ದಲಿತ' ಎನ್ನುವಾಗಲೂ ನನ್ನ ನಾಲಿಗೆ ತೊಡರುವುದಿಲ್ಲ. ಯಾವ ಭಾಗ ಇಟ್ಟುಕೊಳ್ಳಬೇಕು, ಯಾವುದು ಈಗ ಬರೀ ಭಾರವಾಗಿದೆ ಎಂದು ತೀರ್ಮಾನಿಸುವ ಹಕ್ಕು ಕಟ್ಟುವವರದು. ಕಿರಿಯರಿಗೂ ಆ ಹಕ್ಕಿದೆ, ಹಿರಿಯರು ಬೇಸರ ಮಾಡಿಕೊಳ್ಳಬಾರದು.

ಈ ಭಾನುವಾರ ಇದನ್ನೇ ಚರ್ಚೆಗೆ ಇಟ್ಟುಕೊಳ್ಳೋಣ. ಗ್ಯಾರೇಜಿನಲ್ಲಿ ದುಡಿಯುವ ನಮ್ಮ ಹುಡುಗರನ್ನೂ ಕರೆತನ್ನಿ. ಇಂಜಿನ್ ಹಿಂದಕ್ಕೆ ಸರಿಸುವ ಲೆಕ್ಕವನ್ನು ಅವರು ನನಗಿಂತ ಚೆನ್ನಾಗಿ ಬಿಡಿಸಿ ಹೇಳುತ್ತಾರೆ.

ನಮೋ ಬುದ್ಧಾಯ. ಜೈ ಭೀಮ್.